ಸಾವಿರ ಜನರ ಗೌರವ್ವ

ರಕ್ತಪರೀಕ್ಷೆಗೆ ಒಂದು ಹನಿ ತೆಗೆಯುತ್ತೇವೆ. ಆ ಹನಿ ಹೇಳಿದ್ದನ್ನು ಇಡೀ ದೇಹದ ಮಾತೆಂದು ನಂಬುತ್ತೇವೆ. ಗಾಜಿನ ಮೇಲೆ ಅದಕ್ಕೆ ಬಣ್ಣ ಹಾಕಬಹುದು, ಕಾಯಿಸಬಹುದು, ಒಣಗಿಸಿ ಒರೆಸಿ ಹಾಕಬಹುದು. ದೇಹಕ್ಕೆ ಏನೂ ಆಗುವುದಿಲ್ಲ. ಮಾದರಿ ಆಯ್ದು ನಡೆಸುವ ಅಧ್ಯಯನಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ. ಹನಿಯಿಂದ ಸುದ್ದಿ ಬರುತ್ತದೆ, ಹನಿಗೆ ಆದದ್ದು ದೇಹಕ್ಕೆ ಮರಳಿ ಹೋಗುವುದಿಲ್ಲ.

ಕೋಡಿಹಾಳ ನವನಗರದಲ್ಲಿ ಅದು ಮರಳಿ ಹೋಯಿತು.

ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನರಿಗಾಗಿ ಕಟ್ಟಿದ ಊರು ಅದು. ಸೆಕ್ಟರುಗಳು, ನೇರ ರಸ್ತೆಗಳು, ಒಂದೇ ಅಳತೆಯ ಪ್ಲಾಟುಗಳು. ಪ್ಲಾಟುಗಳನ್ನು ಚೀಟಿ ಎತ್ತಿ ಹಂಚಿದ್ದರಿಂದ ಯಾವ ಓಣಿಯಲ್ಲೂ ಒಂದೇ ಹಳ್ಳಿಯವರು ಒಟ್ಟಿಗೆ ಉಳಿದಿರಲಿಲ್ಲ. ಇಂಥ ಊರು ಸಂಖ್ಯಾಶಾಸ್ತ್ರಜ್ಞರಿಗೆ ಹಬ್ಬದೂಟ ಎಂದು ಪ್ರಭಾವತಿ ಮುದಗಲ್ ಮೊದಲ ದಿನವೇ ಹೇಳಿದ್ದಳು. ನೋವಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಕೇಂದ್ರದಲ್ಲಿ ಅಧ್ಯಯನಕ್ಕೆ ಜನರನ್ನು ಆಯ್ದು ಕೊಡುವುದು ಅವಳ ಕೆಲಸ. ಊರಿನಲ್ಲಿ ಎಂಬತ್ತು ಸಾವಿರ ಜನ. ಅವರಲ್ಲಿ ಎಂಬತ್ತು ಮಂದಿಯ ಮಣಿಕಟ್ಟಿಗೆ, ನಾಡಿಯನ್ನೂ ನರಗಳ ನಡುಕವನ್ನೂ ಓದುವ ಪಟ್ಟಿ ಕಟ್ಟಬೇಕಿತ್ತು. ಒಬ್ಬೊಬ್ಬರೂ ಸಾವಿರ ಜನರ ಪ್ರತಿನಿಧಿ.

"ದವಾಖಾನೆ ಮುಂದ ಪಾಳಿ ಹಚ್ಚಿರ್ತಾರಲ್ಲ, ಅವರನ್ನ ಹಿಡದ್ರ ಒಂದೇ ದಿನದಾಗ ಮುಗೀತದ" ಎಂದು ಕೇಂದ್ರದ ಮುಖ್ಯಸ್ಥ ಡಾ. ಕಲ್ಮಠ ಸಲಹೆ ಕೊಟ್ಟಿದ್ದರು.

"ದವಾಖಾನೆಗೆ ಬಂದವರನ್ನ ಎಣಿಸಿದ್ರ ಊರೇ ರೋಗಿ ಅನಸ್ತದ ಸರ್."

"ಹಂಗಾದ್ರ ಒಬ್ಬರನ್ನ ಹಿಡದು ಅವರ ಗೆಳ್ಯಾರು, ಆ ಗೆಳ್ಯಾರ ಗೆಳ್ಯಾರು…"

"ಆಗ ಒಂದೇ ಹರಟೆಕಟ್ಟೆ ಮಂದಿ ಸಿಗ್ತಾರ. ಎಲ್ಲರಿಗೂ ಒಂದೇ ಕಡೆ ನೋವಿರ್ತದ."

ಸಾಲಿನಲ್ಲಿ ನೂರಕ್ಕೊಂದು ಮನೆ ಹಿಡಿಯುವುದೂ ಬೇಡವೆಂದಳು. ನೂರರ ಲೆಕ್ಕ ಬಂದಾಗಲೆಲ್ಲ ಮೂಲೆಮನೆಯೇ ಸಿಗುತ್ತಿತ್ತು. ಮೂಲೆಮನೆಗಳಲ್ಲಿ ಅಂಗಡಿಯವರೇ ಹೆಚ್ಚು. ಕೊನೆಗೆ ಅವಳು ಒಪ್ಪಿದ್ದು ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಆಯ್ಕೆಯಂತ್ರವನ್ನು. ಊರಿನ ಪ್ರತಿಯೊಬ್ಬರ ವಯಸ್ಸು, ಕೆಲಸ, ಕಾಯಿಲೆ, ಕರೆಂಟಿನ ಬಳಕೆ ಎಲ್ಲವನ್ನೂ ಚೌಕಟ್ಟು ಎಂಬ ಒಂದೇ ಯಾದಿಗೆ ತುಂಬಿಸಿಕೊಂಡು, ಸಾವಿರ ಸಾವಿರದ ಎಂಬತ್ತು ಗುಂಪು ಮಾಡಿ, ಒಂದೊಂದು ಗುಂಪಿಗೆ ಅದಕ್ಕೆ ಸರಿಹೊಂದುವ ಒಬ್ಬರನ್ನು ಅದು ಆರಿಸಿತು. ಅವರ ಹೆಸರಿನ ಮುಂದೆ 'ತೂಕ: ಸಾವಿರ' ಎಂದು ಬರೆಯಿತು.

ಮನೆಮನೆಗೆ ಹೋಗಿ ಪಟ್ಟಿ ಕಟ್ಟಬೇಕಾದವರಿಗೆ ಪ್ರಭಾವತಿ ಒಂದೇ ಮಾತನ್ನು ಹೇಳಿ ಹೇಳಿ ಕಳಿಸಿದಳು: "ಮನಿ ಕೀಲಿ ಹಾಕಿತ್ತಂದ್ರ ಮತ್ತ ಹೋಗ್ರಿ, ಮತ್ತ ಮತ್ತ ಹೋಗ್ರಿ. ಬಾಜು ಮನಿಯವರನ್ನ ಹಿಡೀಬ್ಯಾಡ್ರಿ."

"ಹಿಡದ್ರ ಏನಾಗ್ತದ್ರಿ ಮೇಡಂ?" ಎಂದು ಕೇಳಿದವಳು ಶಾಹಿದಾ. ಬಿಸಿಲಿಗೆ ಛತ್ರಿ ಹಿಡಿದು ಓಣಿ ಓಣಿ ತಿರುಗುವ, ಎಲ್ಲರ ಮನೆಯಲ್ಲೂ ಚಹಾ ಕುಡಿಯುವ, ಎಲ್ಲರಿಗೂ ಬೇಕಾದ ಹೆಂಗಸು.

"ಲೆಕ್ಕ ಕೆಡ್ತದ."

"ಅಷ್ಟ ಹೌದಲ್ರೀ" ಎಂದು ಶಾಹಿದಾ ನಕ್ಕಿದ್ದಳು.

ಲೆಕ್ಕ ಕೆಡಲಿಲ್ಲ. ಕೆಡದೆ ಇದ್ದದ್ದೇ ವಿಚಿತ್ರವಾಗಿತ್ತು. ಯಾವ ಮಾದರಿಯಲ್ಲೂ ಒಂದಿಷ್ಟು ದೋಷ ಉಳಿಯುತ್ತದೆ. ಪ್ರಭಾವತಿ ಅದನ್ನು ಲೆಕ್ಕಹಾಕಿ ವರದಿಯಲ್ಲಿ ಸೇರಿಸಲು ಜಾಗ ಬಿಟ್ಟು ಕಾಯುತ್ತಿದ್ದಳು. ಎಂಬತ್ತು ಪಟ್ಟಿಗಳು ತಲೆನೋವು ಇಷ್ಟೆಂದರೆ ಊರಿನ ಔಷಧ ಅಂಗಡಿಗಳಲ್ಲಿ ಮಾರಾಟವಾದ ಮಾತ್ರೆಗಳೂ ಅಷ್ಟೇ ಆಗುತ್ತಿದ್ದವು. ಕಲ್ಮಠರು ಸಿಹಿ ಹಂಚಿದರು. ಪ್ರಭಾವತಿ ಪೇಢೆಯನ್ನು ಕೈಯಲ್ಲೇ ಹಿಡಿದು ಪರದೆ ನೋಡುತ್ತ ಕುಳಿತಳು. ದೋಷವೇ ಇಲ್ಲದ ಮಾದರಿಯನ್ನು ಅವಳು ಎಲ್ಲೂ ಓದಿರಲಿಲ್ಲ.

ಮನೆಯಲ್ಲಿ ಅವಳ ಗಂಡ ಗುರುನಾಥನಿಗೆ ಬೇರೆ ತಲೆಬಿಸಿ. ಅವನು ಊರಿನ ನೀರು ಸರಬರಾಜಿನ ಎಂಜಿನಿಯರು. ಒಂದು ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತ, "ನಿನ್ನೆ ಹೊತ್ತಲ್ಲದ ಹೊತ್ತಿನಾಗ ಟಾಕಿ ಖಾಲಿ ಆತು ನೋಡು" ಎಂದ. "ಪೈಪು ಒಡದಿಲ್ಲ. ಜನ ಎದ್ದು ಕುಂತಾರ. ಸಾವಿರ ನಳ ಒಮ್ಮೆಲೇ ತಿರುವಿದಾಂಗ."

"ಸಾವಿರ ಅಂತ ನಿಮಗ ಹೆಂಗ ಗೊತ್ತಾತು?"

"ನಿನ್ನ ಮದಿವ್ಯಾದ ಮ್ಯಾಲೆ ಎಣಸೂದು ಚಟ ಆಗ್ಯಾದ."

ಒಳಗಿನಿಂದ ಅತ್ತೆ ಶಾಂತವ್ವ ನರಳಿದರು. ಕೆಲವು ವಾರಗಳಿಂದ ಅವರಿಗೆ ಬಲಪಕ್ಕೆಯ ಕೆಳಗೆ ನೋವು. ಹುಬ್ಬಳ್ಳಿಯ ತನಕ ಕರೆದುಕೊಂಡು ಹೋಗಿ ಮಾಡಿಸಿದ ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಆದರೆ ನೋವು ಹೆಚ್ಚುತ್ತಲೇ ಇತ್ತು. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಅವರು ಇಳಿದುಹೋಗಿದ್ದರು. "ಏನೂ ಇಲ್ಲಂತ ಡಾಕ್ಟರ್ ಅಂತಾನ. ಹಂಗಾದ್ರ ಇದು ಯಾರ ನೋವವಾ ಪ್ರಭಾ?" ಎಂದು ಸೊಸೆಯನ್ನು ಕೇಳಿದರು.

ಆ ಪ್ರಶ್ನೆ ಪ್ರಭಾವತಿಯ ಜೊತೆ ಕೇಂದ್ರಕ್ಕೆ ಬಂತು. ಗಂಡನಿಂದ ನೀರಿನ ಅಂಕಿಗಳನ್ನು ತರಿಸಿ ಪಟ್ಟಿಗಳ ಅಂಕಿಗಳ ಪಕ್ಕದಲ್ಲಿಟ್ಟಳು. ಅಷ್ಟು ದಿನ ಅವಳು ನೋಡಿದ್ದು ಎಷ್ಟು ಎಂಬುದನ್ನು ಮಾತ್ರ. ಈಗ ಯಾವುದು ಮೊದಲು ಎಂದು ನೋಡಿದಳು. ಪ್ರತಿ ಸಲವೂ ಮೊದಲು ಎದ್ದದ್ದು ಪಟ್ಟಿ ಕಟ್ಟಿದವರು. ಸ್ವಲ್ಪ ಹೊತ್ತಿನ ನಂತರ ಊರು ಏಳುತ್ತಿತ್ತು.

ಕಲ್ಮಠರು ನಂಬಲಿಲ್ಲ. ಪರೀಕ್ಷೆ ಮಾಡಿಯೇ ನೋಡೋಣವೆಂದು, ಪಟ್ಟಿ ಕಟ್ಟಿಸಿಕೊಂಡಿದ್ದ ಕ್ಷೌರಿಕ ಯಮನಪ್ಪನನ್ನು ಕರೆಸಿದರು. ಮಧ್ಯಾಹ್ನದ ಉರಿಬಿಸಿಲು. ಬಕೆಟಿನ ತುಂಬ ಮಂಜುಗಡ್ಡೆ ಹಾಕಿಸಿ, ಎಡಗೈ ಅದ್ದಲು ಹೇಳಿದರು.

"ಇದಕ್ಕ ಸಂಶೋಧನಾ ಅಂತಾರೇನ್ರಿ ಸಾಹೇಬರ?" ಎಂದ ಯಮನಪ್ಪ, ಹಲ್ಲು ಕಡಿಯುತ್ತ. "ನಮ್ಮ ಅಂಗಡ್ಯಾಗ ಹಿಂಗ ಮಾಡಿದ್ರ ಗಿರಾಕಿ ಹೊಡೀತಾರ."

ಪ್ರಭಾವತಿ ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ ಬಸ್ ನಿಲ್ದಾಣದ ರಸ್ತೆ, ಡಾಂಬರು ಮೆತ್ತಗಾಗುವಂಥ ಬಿಸಿಲು. ಟಂಟಂ ಓಡಿಸುವವನೊಬ್ಬ ಗಾಡಿ ನಿಲ್ಲಿಸಿ ಎಡಗೈಯನ್ನು ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದಿಕೊಂಡ. ಬಾಳೆಹಣ್ಣಿನವನು ಎಡಗೈಯನ್ನು ಕಂಕುಳಲ್ಲಿ ಅವಿತಿಟ್ಟ. ರಸ್ತೆಯುದ್ದಕ್ಕೂ ಅಲ್ಲೊಬ್ಬ ಇಲ್ಲೊಬ್ಬ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಗಂಡಸರು, ಬೆವರು ಸುರಿಸುತ್ತಲೇ ಎಡಗೈ ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದರು. ಯಾರೂ ಯಾರಿಗೂ ಅದರ ಬಗ್ಗೆ ಹೇಳಲಿಲ್ಲ. ಅವರವರ ಕೈ ಅವರವರು ಉಜ್ಜಿಕೊಂಡು ಮುಂದೆ ಹೋದರು.

"ಕೈ ತೆಗಿ ಯಮನಪ್ಪ" ಎಂದಳು ಪ್ರಭಾವತಿ.

ಪಟ್ಟಿ ಬಿಚ್ಚಿ ಮತ್ತೆ ಅದ್ದಿಸಿದರು. ಫಲಿತಾಂಶ ಅದೇ. ಆಯ್ಕೆಯಂತ್ರವನ್ನೇ ಬಂದ್ ಮಾಡಿ ನೋಡಿದರು. ಆಗಲೂ ಕೆಳಗೆ ಗಂಡಸರು ಕೈ ಉಜ್ಜಿಕೊಂಡರು. ಪಟ್ಟಿ ಬರೀ ಕಿವಿ. ಯಂತ್ರ ಬರೀ ಲೇಖನಿ. ಒಮ್ಮೆ 'ಇವನು ಸಾವಿರ ಜನ' ಎಂದು ಬರೆದದ್ದನ್ನು ಊರು ಒಪ್ಪಿಕೊಂಡಿತ್ತು. ಯಾಕೆ ಒಪ್ಪಿಕೊಂಡಿತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಬಹುಶಃ ಆಯ್ಕೆ ಅಷ್ಟು ಸರಿಯಾಗಿತ್ತು, ಎಂದರು ಕಲ್ಮಠರು. ಪ್ರತಿನಿಧಿಗೂ ಸಾವಿರಕ್ಕೂ ನಡುವೆ ಅಂತರವೇ ಉಳಿದಿಲ್ಲ.

ಪ್ರಭಾವತಿ ಆಗಲೇ ಅತ್ತೆಯ ಗುಂಪನ್ನು ಹುಡುಕುತ್ತಿದ್ದಳು. ಶಾಂತವ್ವನ ಪ್ರತಿನಿಧಿ ಸೆಕ್ಟರ್ ಇಪ್ಪತ್ತೆರಡರ ಹದಿನಾಲ್ಕನೇ ಮನೆಯ ಕಾಶೀಬಾಯಿ. ಯಂತ್ರದ ಪ್ರಕಾರ ಗಟ್ಟಿಮುಟ್ಟಾದ ಹೆಂಗಸು. ಆದರೆ ಅವಳ ಪಟ್ಟಿಯಿಂದ ಬರುತ್ತಿದ್ದ ಅಂಕಿಗಳು ಗಟ್ಟಿಮುಟ್ಟಾದವರ ಅಂಕಿಗಳಾಗಿರಲಿಲ್ಲ.

"ಹೋಗೋಣ ಬಾ" ಎಂದು ಶಾಹಿದಾಳನ್ನು ಕರೆದಳು. ಶಾಹಿದಾ ಛತ್ರಿ ತೆಗೆದುಕೊಳ್ಳಲಿಲ್ಲ. ಓಣಿಯ ತಿರುವಿನಲ್ಲಿ ನಿಂತುಬಿಟ್ಟಳು.

"ಮೇಡಂ, ಒಂದು ಮಾತು. ಆ ಮನಿಗೆ ನಾಕು ಸರ್ತಿ ಹೋಗಿದ್ದೆ. ಕೀಲಿ ಹಾಕಿತ್ತು. ಕಾಶೀಬಾಯಿ ಮಗಳ ಬಾಣಂತನಕ್ಕ ಸೊಲ್ಲಾಪುರಕ್ಕ ಹೋಗಿದ್ಲು. ಬಾಜು ಮನಿ ಗೌರವ್ವ ಕಟ್ಟಿ ಮ್ಯಾಲೆ ಕುಂತಿದ್ಲು. ಬಿಸಲಾಗ ಎಷ್ಟು ಅಡ್ಡಾಡ್ತಿ ಶಾಹಿದಾ, ಚಾ ಕುಡಿ ಬಾ ಅಂದ್ಲು. ಅಕಿ ವಯಸ್ಸೂ ಅಷ್ಟ, ಮನೀನೂ ಅಷ್ಟ." ಶಾಹಿದಾ ಸೆರಗಿನ ಅಂಚು ತಿರುವಿದಳು. "ಅಕಿಗೇ ಕಟ್ಟಿಬಿಟ್ಟೆ. ಆಮ್ಯಾಲೆ ಕಂಪ್ಯೂಟರಿನಾಗ ಆ ತೂಕ ಗೌರವ್ವನ ಹೆಸರಿಗೆ ಬದಲಿ ಮಾಡಿದೆ, ಪರದೆ ಮ್ಯಾಲೆ ಮಾತ್ರ ಇನ್ನೂ ಕಾಶೀಬಾಯಿ ಹೆಸರ ತೋರಸ್ತದ."

ಪ್ರಭಾವತಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಚಳಿ. ಗೌರವ್ವನನ್ನು ಯಾವ ಯಂತ್ರವೂ ಆರಿಸಿರಲಿಲ್ಲ. ಅವಳು ಯಾರನ್ನೂ ಹೋಲುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದಳು, ಅಷ್ಟೇ. ಆದರೂ ಸಾವಿರ ಜನ ಅವಳ ಹಾಗಾಗಿದ್ದರು. ಅಂದರೆ ಮಾದರಿ ಊರನ್ನು ಹೋಲಿರಲಿಲ್ಲ. ಊರೇ ಮಾದರಿಯನ್ನು ಹೋಲತೊಡಗಿತ್ತು.

ಗೌರವ್ವ ಈಗಲೂ ಕಟ್ಟೆಯ ಮೇಲೆಯೇ ಇದ್ದಳು, ಗೋಡೆಗೆ ಒರಗಿ, ಬಲಪಕ್ಕೆಗೆ ದಿಂಬು ಒತ್ತಿಕೊಂಡು. ಒಳಗೆ ಮಗಳು ರೇಣುಕಾ ಖಾನಾವಳಿಗಳಿಗೆ ಕೊಡಲು ರೊಟ್ಟಿ ಬಡಿಯುತ್ತಿದ್ದ ಸದ್ದು. ಕೇಳಿದ ಕೂಡಲೇ ಗೌರವ್ವ ಮುಚ್ಚುಮರೆಯಿಲ್ಲದೆ ಹೇಳಿದಳು: "ಯಕೃತ್ತಿನಾಗ ಗಂಟು ಆಗ್ಯಾದಂತ. ಬಾಳ ದಿನ ಇಲ್ಲಂತ ಡಾಕ್ಟರು ನನ್ನ ಮಗಳಿಗೆ ಹೇಳ್ಯಾರ, ಅಕಿ ನನಗ ಹೇಳಿಲ್ಲ, ನಾ ಬಾಗಿಲ ಮರೀಲೆ ಕೇಳಿಸ್ಕೊಂಡೀನಿ. ಕುಂಡ್ರಿ ಅಕ್ಕಾರ, ಚಾ ಮಾಡಸ್ತೀನಿ."

ಪ್ರಭಾವತಿ ಕುಳಿತಳು. ವಿಷಯವನ್ನು ಆದಷ್ಟು ಸರಳವಾಗಿ ಹೇಳಿದಳು.

"ನಾ ಸತ್ರ ಅವರೂ ಸಾಯ್ತಾರೇನ್ರಿ?"

"ಗೊತ್ತಿಲ್ಲ ಅವ್ವಾ. ಇಲ್ಲೀತನಕ ಎಲ್ಲಾ ಹಂಗ ಆಗೇದ."

"ಸಾವಿರ ಮಂದೀನ ಕರ್ಕೊಂಡು ಹೋಗಾಕ ನಾನೇನು ರೈಲೇನ್ರಿ?" ಎಂದು ನಕ್ಕಳು; ನಗು ಪಕ್ಕೆಗೆ ತಾಗಿ ಮುಖ ಕಿವುಚಿತು. "ಅದಕ್ಕ ನೋಡ್ರಿ, ಇದನ್ನ ಕಟ್ಟಿದಾಗಿಂದ ಒಬ್ಬಾಕೇ ನರಳಿದಾಂಗ ಅನಸ್ತಿರಲಿಲ್ಲ. ನೋವು ಕಡಿಮಿ ಆಗಿಲ್ಲ, ಆದ್ರ ಯಾರೋ ಜೋಡಿ ಇದ್ದಾಂಗ ಇತ್ತು. ಹೋಗ್ಲಿ, ನನ್ನದು ನನಗ ಇರಲಿ. ಅದೇನು ಅಳಿಸ್ತೀರೋ ಅಳಿಸ್ರಿ."

ತೂಕವನ್ನು ಕಾಶೀಬಾಯಿಗೆ ವರ್ಗಾಯಿಸಿದರೆ ಸಾಲದೆಂದು ಪ್ರಭಾವತಿಗೆ ಅನ್ನಿಸಿತು. ಗೌರವ್ವ ಚೌಕಟ್ಟಿನಲ್ಲಿ ಉಳಿದರೆ ಕಟ್ಟು ಮತ್ತೆ ಎಲ್ಲಿ ಬಿಗಿಯುತ್ತದೋ ಯಾರಿಗೆ ಗೊತ್ತು. ಸೊಲ್ಲಾಪುರದಿಂದ ಮರಳಿದ್ದ ಕಾಶೀಬಾಯಿಯ ಹೆಸರನ್ನು ಸಾವಿರದ ತೂಕಕ್ಕೆ ಸೇರಿಸಿ, ಗೌರವ್ವನನ್ನು ಚೌಕಟ್ಟಿನಿಂದಲೇ ಅಳಿಸಿದಳು.

"ಇದು ಸರಿಹೋದ್ರ ಸೋಮವಾರ ಎಂಬತ್ತು ಸಾವಿರವನ್ನೂ ಅಳಿಸಿಬಿಡೋಣ. ಪೀಡಾ ಹೋಗಲಿ" ಎಂದರು ಕಲ್ಮಠರು.

ಸಂಜೆ ಮನೆಗೆ ಹೋದಾಗ ಶಾಂತವ್ವ ಅಡುಗೆಮನೆಯಲ್ಲಿ ನಿಂತು ಒಗ್ಗರಣೆ ಹಾಕುತ್ತಿದ್ದರು. "ಹಸಿವು ಕೊಲ್ಲಾಕ ಹತ್ತೇದ ಪ್ರಭಾ. ಯಾರೋ ಪಕ್ಕಿ ಮ್ಯಾಲಿಂದ ಕಾಲು ತೆಗದಾಂಗ ಆತು" ಎಂದರು. ಗುರುನಾಥ ಎರಡು ಸಲ ಅನ್ನ ಹಾಕಿಸಿಕೊಂಡ. ಪ್ರಭಾವತಿ ಮಾತ್ರ ಊಟದ ನಡುವೆ ಕೈ ತಡೆದಳು. ಏನನ್ನೋ ಮಾಡಬೇಕಿತ್ತು, ಏನೆಂದು ಹೊಳೆಯಲಿಲ್ಲ.

ಎರಡು ದಿನ ಕಳೆದು ಶಾಹಿದಾ ಬಟ್ಟೆಯ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟಳು. "ಮೇಡಂ, ಇದನ್ನ ಯಾರಿಗೆ ಕೊಡು ಅಂದಿದ್ರಿ? ಸೆಕ್ಟರ್ ಇಪ್ಪತ್ತೆರಡರಾಗ ಎಲ್ಲಾ ಓಣಿ ಸುತ್ತಿದೆ. ಯಾರ ಮನಿ ಮುಂದ ನಿಂತ್ರೂ ಇಲ್ಲಿ ಅಲ್ಲ ಅನಸ್ತು."

ಪ್ರಭಾವತಿ ಹೇಳಲು ಬಾಯಿ ತೆರೆದಳು. ಬಾಯಿಗೆ ಹೆಸರು ಬರಲಿಲ್ಲ. ಚೀಲದಲ್ಲಿದ್ದದ್ದು ತೀವ್ರ ನೋವಿನ ಮಾತ್ರೆಗಳು, ಸುಮ್ಮನೆ ಸಿಗುವಂಥವಲ್ಲ. ಅವನ್ನು ತರಿಸಲು ಓಡಾಡಿದ ನೆನಪು ಅವಳಿಗಿತ್ತು. ಯಾರಿಗಾಗಿ ಎಂಬುದಿರಲಿಲ್ಲ.

ನೆನಪಿಲ್ಲದ್ದನ್ನು ಲೆಕ್ಕದಿಂದ ಹಿಡಿಯಬಹುದು. ಅವಳಿಗೆ ಗೊತ್ತಿದ್ದದ್ದು ಆ ಒಂದು ವಿದ್ಯೆ. ಚೌಕಟ್ಟಿನ ಒಟ್ಟು ಸಂಖ್ಯೆಯನ್ನೂ ಪಡಿತರದ ಒಟ್ಟು ಸಂಖ್ಯೆಯನ್ನೂ ತಾಳೆ ನೋಡಿದಳು. ಒಂದು ಕಡಿಮೆ. ಸೆಕ್ಟರ್ ಇಪ್ಪತ್ತೆರಡರ ಮನೆಗಳನ್ನು ಒಂದೊಂದಾಗಿ ಇಳಿದಳು. ಹದಿನೈದನೇ ಮನೆಯಲ್ಲಿ ಪಡಿತರಕ್ಕೆ ಐದು ಜನ, ಚೌಕಟ್ಟಿನಲ್ಲಿ ನಾಲ್ಕು. ಐದನೇ ಹೆಸರನ್ನು ಓದಿದಳು. ಪರದೆಯಿಂದ ಕಣ್ಣು ತೆಗೆದ ಕೂಡಲೇ ಅದು ಜಾರಿತು. ಮತ್ತೆ ಓದಿದಳು. ಮತ್ತೆ ಜಾರಿತು. ಕೊನೆಗೆ ಶಾಹಿದಾಳಿಗೆ, "ಇದನ್ನ ಗಟ್ಟಿಯಾಗಿ ಓದು" ಎಂದಳು.

"ಗೌರವ್ವ" ಎಂದು ಓದಿದ ಶಾಹಿದಾ, "ಯಾರ್ರಿ ಇವರು?" ಎಂದು ಕೇಳಿದಳು.

ಪ್ರಭಾವತಿ ಅಳಿಸಿದ ಹೆಸರುಗಳ ದಾಖಲೆ ತೆರೆದಳು: ಅದೇ ಹೆಸರು, ತೂಕ ಸಾವಿರ, ಅಳಿಸಿದ್ದು ತಾನೇ. ಯಾರ ಗುಂಪಿಗೂ ಸೇರದವಳು. ಅವಳ ಪರವಾಗಿ ಯಾರೂ ಇಲ್ಲ, ಅವಳು ಯಾರ ಪರವಾಗಿಯೂ ಇಲ್ಲ. ಊರು ಬರೆದದ್ದನ್ನು ಒಪ್ಪಿಕೊಂಡ ಹಾಗೆಯೇ ಅಳಿಸಿದ್ದನ್ನೂ ಒಪ್ಪಿಕೊಂಡಿತ್ತು. ಸೋಮವಾರ ಎಂಬತ್ತು ಸಾವಿರವನ್ನೂ ಅಳಿಸಿದರೆ? ಒಬ್ಬರಿಗೊಬ್ಬರು ಕಾಣದೆ ಒಂದೇ ರಸ್ತೆಯಲ್ಲಿ ಓಡಾಡುವ ಎಂಬತ್ತು ಸಾವಿರ ಜನ! ಕಲ್ಮಠರಿಗೆ ಫೋನು ಮಾಡಿ, "ಸರ್, ಯಾರದೂ ಹೆಸರು ಮುಟ್ಟಬ್ಯಾಡ್ರಿ. ಬಂದು ಹೇಳ್ತೀನಿ" ಎಂದಷ್ಟೇ ಹೇಳಿದಳು.

ಮೊದಲಿನಂತೆ ಮರಳಿಸಿದರೆ ಅತ್ತೆ ಮತ್ತೆ ಹಾಸಿಗೆ ಹಿಡಿಯುತ್ತಾರೆ, ಜೊತೆಗೆ ಸಾವಿರ ಜನ. ಬೇರೊಬ್ಬರ ಗುಂಪಿಗೆ ಸುಮ್ಮನೆ ಸೇರಿಸಲು ಹೋದಳು. ಹಳೆಯ ಗುಂಪುಗಳಿಗೆ ಹೊಸ ಹೆಸರು ಸೇರಿಸುವಂತಿಲ್ಲ ಎಂದು ಯಂತ್ರ ನಿರಾಕರಿಸಿತು. ಗೌರವ್ವನಿಗೆ ಅವಳದೇ ಒಂದು ಗುಂಪು ಬೇಕು. ತೂಕ ಒಂದು ಎಂದು ಬರೆದರೆ ಅವಳು ತನಗೆ ತಾನೇ, ಬೇರೆ ಯಾರಿಗೂ ಕಾಣುವುದಿಲ್ಲ. ಕನಿಷ್ಠ ಎರಡು ಬೇಕು.

ಪ್ರಭಾವತಿ ತನ್ನ ಹೆಸರನ್ನು ಅದರ ಹಳೆಯ ಗುಂಪಿನಿಂದ ಎತ್ತಿ ಗೌರವ್ವನ ಕೆಳಗೆ ಇಟ್ಟಳು. ತೂಕ: ಎರಡು. ಚೀಲದ ಮಾತ್ರೆಗಳನ್ನು ನೋಡಿದ ಮೇಲೆ, ಇದು ಸಾವಿಗೇ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಯ ಗಳಿಗೆಯಲ್ಲಿ ತನಗೇನಾಗುತ್ತದೆಂದು ಗೊತ್ತಿರಲಿಲ್ಲ. ಗುಂಡಿ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಬಲಪಕ್ಕೆಯ ಕೆಳಗೆ ಯಾರೋ ಮುಷ್ಟಿ ತೂರಿಸಿ ನಿಧಾನಕ್ಕೆ ತಿರುವಿದ ಹಾಗಾಯಿತು. ಮೇಜು ಹಿಡಿದು ಬಗ್ಗಿದಳು. ನೋವಿನ ಜೊತೆಗೇ ಎಲ್ಲವೂ ಬಂತು: ಕಟ್ಟೆ, ದಿಂಬು, ಚಹಾ, ನಗು.

"ಶಾಹಿದಾ, ಚೀಲ ಕೊಡು. ಟ್ಯಾಬೂ ಕೊಡು, ಚೌಕಟ್ಟು ಅದರಾಗೂ ತೆರೀತದ" ಎಂದಳು.

ಗೌರವ್ವ ಕಟ್ಟೆಯ ಮೇಲೆ ಇದ್ದಳು. ತುಟಿ ಒಡೆದಿತ್ತು. ಹಾಲಿನವನು ಅವಳ ಕಾಲು ದಾಟಿಕೊಂಡು ಒಳಗೆ ಹೋದ. ಪ್ರಭಾವತಿ ಎದುರಿಗೆ ಕುಳಿತು ಕೈ ಹಿಡಿದಾಗ ಗೌರವ್ವ ಬೆಚ್ಚಿದಳು.

"ನಾ ಕಾಣಸ್ತೀನೇನ್ರಿ ನಿಮಗ?"

"ಕಾಣಸ್ತೀರಿ ಅವ್ವಾ."

"ನನ್ನ ಮಗಳು ಮೊನ್ನೆಯಿಂದ ನನಗ ತಾಟು ಹಚ್ಚಿಲ್ಲ ನೋಡ್ರಿ. ಮಾತಾಡಿಸಿದ್ರ ಓ ಅನ್ನೂದಿಲ್ಲ. ಮೊದಲ ಸಿಟ್ಟಾಗ್ಯಾಳ ಅನ್ಕೊಂಡೆ. ಆಮ್ಯಾಲೆ ನಾನ ಸತ್ತೀನೇನೋ ಅನ್ಕೊಂಡೆ. ಸತ್ತವರಿಗೆ ಇಷ್ಟು ನೋವು ಇರೂದಿಲ್ಲಲ್ರಿ?"

ಪ್ರಭಾವತಿ ಮಾತ್ರೆ ಕೊಟ್ಟು, ನೀರು ಕುಡಿಸಿದಳು. ಪಕ್ಕೆ ಹಿಡಿದುಕೊಂಡೇ ಒಳಗೆ ಹೋದಳು. ರೇಣುಕಾ ಒಲೆಯ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ರೊಟ್ಟಿಗಳ ಗುಡ್ಡೆ.

"ಬರ್ರಿ ಅಕ್ಕಾರ. ಎಷ್ಟು ರೊಟ್ಟಿ ಬೇಕ್ರಿ?"

"ರೊಟ್ಟಿಗೆ ಬಂದಿಲ್ಲ. ರೇಣುಕಾ, ನಿಮಗ ಎರಡು ದಿನದಿಂದ ಏನರೆ ಮರತಾಂಗ ಅನಸ್ತದೇನು?"

ರೇಣುಕಾಳ ಕೈ ನಿಧಾನವಾಯಿತು. "ಹೌದ್ರಿ" ಎಂದಳು. "ನಿಮಗ ಹೆಂಗ ಗೊತ್ತು? ನಾಕು ತಾಟು ಹಚ್ಚತೀನಿ, ಮತ್ತ ಕೈ ತಾಟಿನ ಕಡೇನ ಹೋಗ್ತದ. ಒಲಿ ಮ್ಯಾಲೆ ಏನೋ ಇಟ್ಟು ಮರತೀನಿ ಅನಸ್ತದ. ನಿನ್ನೆ ಬಾಗಲ್ದಾಗ ನಿಂತು ಅತ್ತೆ, ಯಾಕಂತ ನನಗ ಗೊತ್ತಿಲ್ಲ. ನಮ್ಮ ಮನಿಯವರು ಹುಚ್ಚಿ ಅಂದ್ರು."

"ಒಬ್ಬರ ನೋವು ಅದ. ಬಾಳ ದೊಡ್ಡ ನೋವು. ನೀವು ಹೂಂ ಅಂದ್ರ ಅದು ನಿಮಗೂ ಬರ್ತದ, ನನಗ ಬಂದಾಂಗ. ಆಗ ಏನು ಮರತೀರಿ ಅನ್ನೂದು ತಿಳೀತದ. ಆದ್ರ ಅವರು ಬಾಳ ದಿನ ಇರೂದಿಲ್ಲ. ಅವರು ಹೋಗುವಾಗ ನಮಗೇನಾಗ್ತದ ನಾ ಹೇಳಲಾರೆ. ಅದಕ್ಕಿಂತ ಮದ್ಲ ನಿಮ್ಮ ಹೆಸರು ತೆಗೀಬಹುದು. ತೆಗದ್ರ ಮತ್ತ ಮರೀತೀರಿ."

ರೇಣುಕಾ ಅವಳ ಬೆವರಿದ ಮುಖವನ್ನೂ ಪಕ್ಕೆ ಒತ್ತಿ ಹಿಡಿದ ಕೈಯನ್ನೂ ನೋಡಿದಳು. "ಯಾರ್ರಿ ಅವರು? ನಮ್ಮವರೇನ್ರಿ?"

ಹೆಸರು ಹೇಳಿದರೂ ಅವಳ ಕಿವಿಯಲ್ಲಿ ನಿಲ್ಲುವುದಿಲ್ಲವೆಂದು ಪ್ರಭಾವತಿಗೆ ಗೊತ್ತಿತ್ತು. "ನಿಮ್ಮವರ" ಎಂದಳು.

"ನಮ್ಮವರದಾದ್ರ ನನ್ನ ಕೇಳೂದೇನೈತ್ರಿ" ಎಂದು ರೇಣುಕಾ ಮತ್ತೊಂದು ಹಿಟ್ಟಿನ ಉಂಡೆಯನ್ನು ಕೈಗೆತ್ತಿಕೊಂಡಳು. "ಹಾಕ್ರಿ."

ಪ್ರಭಾವತಿ ಟ್ಯಾಬಿನಲ್ಲಿ ಅವಳ ಹೆಸರನ್ನು ಎಳೆದು ಕೆಳಗಿಟ್ಟಳು. ತೂಕ: ಮೂರು.

ರೇಣುಕಾ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅದರ ಮೇಲೆ ನೀರು ಸವರಲು ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಉಸಿರೆಳೆದುಕೊಂಡು ಬಲಪಕ್ಕೆಗೆ ಕೈ ಒತ್ತಿದಳು. ಸೀರೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ಮೆಲ್ಲಗೆ ಬಾಗಿಲ ಕಡೆ ತಿರುಗಿದಳು.

"ಯವ್ವಾ" ಎಂದಳು. "ಬಿಸಲಾಗ ಯಾಕ ಕುಂತೀಯವ್ವಾ? ಒಳಗ ಬಾ. ಊಟ ಮಾಡೀಯಿಲ್ಲ?"

ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಬಂದ ಗೌರವ್ವ ಅಲ್ಲೇ ಕುಸಿದು ಕುಳಿತಳು. ರೇಣುಕಾ ತೆವಳಿಕೊಂಡು ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೋವು ಮತ್ತೊಮ್ಮೆ ತಿರುವಿತು. ಮೂವರೂ ಒಮ್ಮೆಲೇ ಬಗ್ಗಿದರು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬರತೊಡಗಿತು, ಎದ್ದು ತೆಗೆಯುವ ಸ್ಥಿತಿಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ.